ಪಿಸ್ಟನ್ ನುಡಿದ ಸಾಕ್ಷಿ

ಮಲೆನಾಡಿನ ಮನೆಗಳಲ್ಲಿ ಯಂತ್ರಗಳು ಎರಡು ಜಾತಿ. ಒಂದು ಓಡುವವು, ಇನ್ನೊಂದು ‘ಒಂದಿನ ಬಿಚ್ಚಿ ನೋಡಬೇಕು’ ಅನ್ನಿಸಿಕೊಂಡವು. ಎರಡನೆಯ ಜಾತಿಯವು ಸೌದೆ ಕೊಟ್ಟಿಗೆಯ ಮೂಲೆಯಲ್ಲಿ, ಗೋಣಿಚೀಲದಡಿ, ಹಲ್ಲಿಮೊಟ್ಟೆಗಳ ಸಹವಾಸದಲ್ಲಿ ವಾನಪ್ರಸ್ಥ ನಡೆಸುತ್ತಿರುತ್ತವೆ. ನಮ್ಮ ಮನೆಯಲ್ಲಿ ಈ ಪಂಗಡದ ಹಿರಿಯ ಸದಸ್ಯ ಔಷಧಿ ಹೊಡೆಯುವ ಪಂಪು. ಆಮೇಲೆ ಕಳೆ ಹೊಡೆಯುವ ಮಿಷನ್ನು. ಕೊನೆಯಲ್ಲಿ ಸೇರಿದ್ದು ದೊಡ್ಡಪ್ಪನ ಚೈನ್ ಸಾ. ಇವನ್ನು ಗುಜರಿಗೆ ಹಾಕಿದರೆ ಮರ್ಯಾದೆ ಹೋಗುತ್ತದೆ, ರಿಪೇರಿ ಮಾಡಿಸಿದರೆ ದುಡ್ಡು ಹೋಗುತ್ತದೆ. ಎರಡೂ ಹೋಗದಿರಲೆಂದು ಅವನ್ನು ಅಲ್ಲೇ ಇಟ್ಟಿರುತ್ತಾರೆ. ಮನೆ ಪಾಲಾಗುವ ದಿನ ಮಾತ್ರ ಅವಕ್ಕೆ ಬಿಸಿಲು ಕಾಣುವ ಯೋಗ.

ಚೈನ್ ಸಾ ಎಂದರೆ ಪೇಟೆಯವರಿಗೆ ಇಂಗ್ಲಿಷ್ ಸಿನಿಮಾದ ಕೊಲೆಗಡುಕ ಹಿಡಿದು ಓಡುವ ಆಯುಧ. ಘಟ್ಟದ ಮೇಲಿನವರಿಗೆ ಅದು ಮಳೆಗಾಲದ ಸಾಮಾನು. ಕಂಬಳಿಕೊಪ್ಪೆ, ಟಾರ್ಚು, ಉಪ್ಪಿನಕಾಯಿ ಭರಣಿಗಳ ಸಾಲಿನಲ್ಲಿ ಬರುವಂಥದ್ದು. ಆರಿದ್ರಾ ಮಳೆ ಹಿಡಿದ ಒಂದು ರಾತ್ರಿ ದೂಪದ ಮರವೊಂದು ರಸ್ತೆಗೆ ಅಡ್ಡ ಮಲಗಿದರೆ ಹಾಲಿನ ವ್ಯಾನು ಆಚೆ, ಶಾಲೆಯ ಮಕ್ಕಳು ಈಚೆ, ಕರೆಂಟು ಎರಡೂ ಕಡೆ ಇಲ್ಲ. ಆಗ ಊರಿನಲ್ಲಿ ಯಾರ ಮನೆಯ ಚೈನ್ ಸಾ ಓಡುತ್ತದೋ ಅವನೇ ಅರ್ಧ ದಿನದ ಮಟ್ಟಿಗೆ ಜಿಲ್ಲಾಧಿಕಾರಿ. ಮಳೆ ಮುಗಿದರೆ ಅಡಿಕೆ ಬೇಯಿಸುವ ಹಂಡೆಗೆ ಸೌದೆ, ಬಚ್ಚಲೊಲೆಗೆ ಕುಂಟೆ. ಕೊಡಲಿ ಹಿಡಿಯುವ ಕೈಗಳು ಬೆಂಗಳೂರಿನಲ್ಲಿ ಕೀಬೋರ್ಡ್ ಹಿಡಿದ ಮೇಲೆ ಈ ಕೆಲಸವೆಲ್ಲ ಯಂತ್ರದ ಪಾಲಾಗಿದೆ.

ದೊಡ್ಡಪ್ಪನ ಚೈನ್ ಸಾ ಪ್ರಾಣ ಬಿಟ್ಟದ್ದು ನಮ್ಮ ತೋಟದ ಅಡಿಕೆ ಕೊನೆ ಇಳಿಸುವ ಕೊನೆಗೌಡನ ಕೈಯಲ್ಲಿ. ಬಿದ್ದ ಹಲಸಿನ ಮರ ತುಂಡು ಮಾಡುತ್ತಿದ್ದಾಗ ಅದು ಏರುದನಿಯಲ್ಲಿ ಕೂಗಿ ಗಕ್ಕನೆ ನಿಂತಿತು. ಹಗ್ಗ ಎಳೆದರೆ ಒಂದಂಗುಲವೂ ಬರಲಿಲ್ಲ. ದೊಡ್ಡಪ್ಪ ಅಂಗಳದಲ್ಲೇ ನ್ಯಾಯಪೀಠ ಹಾಕಿದರು. “ಪೆಟ್ರೋಲಿಗೆ ಆಯಿಲ್ ಹಾಕದೆ ಓಡಿಸಿದೀಯ.” ಕೊನೆಗೌಡ, “ಹಾಕಿದ್ದೆ ಹೆಗಡೇರೆ. ಅದು ನಾಕು ದಿನದಿಂದ ಬಿಟ್ರೂ ಕೂಗ್ತಿತ್ತು” ಎಂದ. ಆರೋಪಿಯ ಹೇಳಿಕೆಯನ್ನು ದಾಖಲಿಸಿಕೊಳ್ಳುವ ಪದ್ಧತಿ ನಮ್ಮ ಅಂಗಳದಲ್ಲಿಲ್ಲ. ಅಪರಾಧ ಸಾಬೀತಾಯಿತು. ಶಿಕ್ಷೆಯೆಂದರೆ, ಅಲ್ಲಿಂದ ಮುಂದೆ ಪ್ರತಿ ಕೊನೆಕೊಯ್ಲಿನಲ್ಲೂ ಅವನು ಊಟಕ್ಕೆ ಕೂತು ಸಾರು ಕಲಸುವ ಹೊತ್ತಿಗೆ ಸರಿಯಾಗಿ ಚೈನ್ ಸಾದ ಮಾತು ಬರುವುದು.

ಪೇಟೆಯ ಮೆಕ್ಯಾನಿಕ್ ಒಬ್ಬರು ಸೈಲೆನ್ಸರ್ ಬಿಚ್ಚಿ, ತೂತಿನೊಳಗೆ ಮೊಬೈಲ್ ಬೆಳಕು ಬಿಟ್ಟು, “ಪಿಸ್ಟನ್ ಸಿಲಿಂಡರ್ ಎರಡೂ ಹೋಗಿದೆ. ಇದಕ್ಕೆ ಹಾಕೋ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರ್ತದೆ” ಎಂದರು. ಅವರ ಲೆಕ್ಕ ಸರಿಯಾಗಿತ್ತು. ಆದರೆ ಲೆಕ್ಕಕ್ಕೆ ಸರಿಹೋಗುವ ಕೆಲಸವನ್ನೇ ಮಾಡುವುದೆಂದಾದರೆ ನಮ್ಮ ಕಡೆ ಯಾರೂ ಅಡಿಕೆ ತೋಟ ಮಾಡಬೇಕಿಲ್ಲ. ನಾನು ಅದನ್ನು ಮನೆಗೆ ತಂದು ಜಗಲಿಯ ಮೇಲೆ ಹಳೆ ಪೇಪರ್ ಹಾಸಿದೆ.

ಯಾವ ಕಾರ್ಯಕ್ಕೂ ಮೊದಲು ಗೋತ್ರ ಪ್ರವರ ಹೇಳುವುದು ನಮ್ಮಲ್ಲಿ ಸಂಪ್ರದಾಯ. ಚೈನ್ ಸಾದ ಪ್ರವರ ಕಾಡಿನಲ್ಲಿ ಶುರುವಾಗುವುದಿಲ್ಲ, ಆಸ್ಪತ್ರೆಯಲ್ಲಿ ಶುರುವಾಗುತ್ತದೆ. 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಜಾನ್ ಏಟ್‌ಕೆನ್, ಜೇಮ್ಸ್ ಜೆಫ್ರಿ ಎಂಬ ಇಬ್ಬರು ವೈದ್ಯರು ಮೂಳೆ ಕೊಯ್ಯಲು ಹಲ್ಲಿನ ಸರಪಳಿಯೊಂದನ್ನು ಬಳಕೆಗೆ ತಂದರು. ಕಷ್ಟದ ಹೆರಿಗೆಯಲ್ಲಿ ತಾಯಿಯ ಸೊಂಟದ ಸಂದು ಬಿಡಿಸಲು ಅದು ಬೇಕಾಗುತ್ತಿತ್ತು. ಅರಿವಳಿಕೆ ಇಲ್ಲದ ಕಾಲ. ಹೆಚ್ಚು ಯೋಚಿಸದಿರುವುದು ಒಳ್ಳೆಯದು. 1830ರಲ್ಲಿ ಜರ್ಮನಿಯ ಬರ್ನಾರ್ಡ್ ಹೈನೆ ಅದೇ ಸರಪಳಿಗೆ ತಿರುಗಿಸುವ ಹಿಡಿಕೆ ಹಾಕಿದ. ಮರಕ್ಕೆ ಅದು ಬಂದದ್ದು ಸುಮಾರು ನೂರು ವರ್ಷದ ನಂತರ. 1926ರಲ್ಲಿ ಆಂಡ್ರಿಯಾಸ್ ಸ್ಟೀಲ್ ವಿದ್ಯುತ್ತಿನ ಗರಗಸ ಮಾಡಿದ. 1927ರಲ್ಲಿ ಎಮಿಲ್ ಲೆರ್ಪ್ ಪೆಟ್ರೋಲಿನದನ್ನು ಮಾಡಿ ಡೋಲ್ಮರ್ ಎಂಬ ಬೆಟ್ಟದಲ್ಲಿ ಪರೀಕ್ಷೆ ನಡೆಸಿ ಬೆಟ್ಟದ ಹೆಸರನ್ನೇ ಅದಕ್ಕಿಟ್ಟ. ಅವನ್ನು ಹಿಡಿಯಲು ಇಬ್ಬರು ಬೇಕಿತ್ತು. ನಮ್ಮ ಕಡೆಯೂ ಆಗ ಇಬ್ಬರೇ ಕೊಯ್ಯುತ್ತಿದ್ದರು. ಒಬ್ಬ ದಿಮ್ಮಿಯ ಮೇಲೆ, ಇನ್ನೊಬ್ಬ ಗುಂಡಿಯೊಳಗೆ. ಮೇಲಿನವನಿಗೆ ಗಾಳಿ, ಕೆಳಗಿನವನ ಕಣ್ಣಿಗೆ ಹೊಟ್ಟು; ಕೂಲಿ ಮಾತ್ರ ಸಮಪಾಲು.

ಆ ಕಾಲದ ಸರಪಳಿಗೆ ಇದ್ದದ್ದು ಕೈಗರಗಸದ ಹಲ್ಲು, ಬೇಗ ಮೊಂಡಾಗುತ್ತಿತ್ತು. 1946ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು ಬೊಡ್ಡೆಯೊಂದರಲ್ಲಿ ದುಂಬಿಯ ಹುಳವನ್ನು ನೋಡಿದ. ತೋರುಬೆರಳು ಗಾತ್ರದ ಆ ಹುಳ ಎಡಕ್ಕೊಮ್ಮೆ ಬಲಕ್ಕೊಮ್ಮೆ ದವಡೆಯಾಡಿಸುತ್ತ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಮರ ತಿನ್ನುತ್ತಿತ್ತು. ಅದರ ದವಡೆಯ ಆಕಾರವನ್ನೇ ಉಕ್ಕಿನಲ್ಲಿ ತೆಗೆದು ಎಡ-ಬಲ ಹಲ್ಲಿನ ಸರಪಳಿ ಮಾಡಿದ. ಇವತ್ತು ಜಗತ್ತಿನ ಚೈನ್ ಸಾಗಳೆಲ್ಲ ಕೊಯ್ಯುತ್ತಿರುವುದು ಆ ಹುಳದ ಹಲ್ಲಿನಿಂದಲೇ. ಚಿಕ್ಕಮಗಳೂರಿನ ಕಡೆ ಕಾಫಿ ಬೆಳೆಗಾರರ ನಿದ್ದೆ ಕೆಡಿಸಿರುವ ಬಿಳಿ ಕಾಂಡಕೊರಕವೂ ಅದೇ ಉದ್ದಮೀಸೆ ದುಂಬಿಗಳ ಕುಟುಂಬದ್ದು. ಕಾಫಿ ತೋಟದ ನೆಂಟರಿಗೆ ಈ ವಿಷಯ ಹೇಳಿದೆ. “ನಾವು ದಿನಾ ನೋಡ್ತೇವೆ, ನಮಗ್ಯಾರಿಗೂ ಪೇಟೆಂಟ್ ತಗೊಳ್ಳಬೇಕು ಅಂತ ಅನಿಸ್ಲಿಲ್ಲ, ಔಷಧಿ ತರಬೇಕು ಅಂತಲೇ ಅನಿಸಿದ್ದು” ಎಂದರು.

ಪ್ರವರ ಮುಗಿಯಿತು, ಇನ್ನು ಕಾರ್ಯ. ಸ್ಪಾರ್ಕ್ ಪ್ಲಗ್ ತೆಗೆದು ತೂತಿನೊಳಗೆ ಡೀಸೆಲ್ ಬಿಟ್ಟು ನೆನೆಸಿದ ಮೇಲೆ ಪಿಸ್ಟನ್ ಹಟ ಬಿಟ್ಟು ಅಲ್ಲಾಡಿತು. ಮುಂದಿನದು ಕ್ಲಚ್. ಅದನ್ನು ತಿರುಗಿಸಿದರೆ ಒಳಗಿನ ಕ್ರ್ಯಾಂಕ್ ಕೂಡ ತಿರುಗುತ್ತದೆ, ಆದ್ದರಿಂದ ಪಿಸ್ಟನ್ನನ್ನು ತಡೆಯಬೇಕು. ಅದಕ್ಕೊಂದು ದೇಶಕಾಲಾತೀತ ಉಪಾಯವಿದೆ: ಪಿಸ್ಟನ್ ಹೊಗೆ ಹೋಗುವ ಕಿಂಡಿಯನ್ನು ದಾಟಿ ಮೇಲೆ ಬಂದ ಮೇಲೆ ಪ್ಲಗ್ಗಿನ ತೂತಿನಿಂದ ಹಗ್ಗ ತುರುಕುವುದು. ನನಗೆ ಸಿಕ್ಕಿದ್ದು ಕರು ಕಟ್ಟುವ ಹಗ್ಗದ ತುಂಡು. ಕ್ಲಚ್ಚಿನ ಮರೆ ಉಲ್ಟಾ. ಬಿಚ್ಚಬೇಕಾದರೆ ಬಿಗಿ ಮಾಡುವ ದಿಕ್ಕಿಗೆ ತಿರುಗಿಸಬೇಕು. ಎಂಜಿನ್ ತಿರುಗುವಾಗ ಕ್ಲಚ್ ತಾನಾಗಿ ಸಡಿಲವಾಗದಿರಲೆಂದು ಮಾಡಿದ ಏರ್ಪಾಡು ಅದು. ಸುತ್ತ ಕೂತವರಿಗೆ ಇದನ್ನು ಅರ್ಥ ಮಾಡಿಸುವುದು ಮಾತ್ರ ಆಗದ ಕೆಲಸ.

ಸುತ್ತ ಕೂತವರು ಎಂದೆನಲ್ಲ. ಹಳ್ಳಿಯಲ್ಲಿ ಬಿಚ್ಚಿದ ಯಂತ್ರದ ಸುತ್ತ ಜನ ತಾವಾಗಿ ಸೇರುತ್ತಾರೆ, ಕರೆಯೋಲೆ ಬೇಡ. ಅವರಲ್ಲಿ ಅತ್ಯಂತ ಅಧಿಕೃತ ದನಿ ಒಂದು ಕಾಲದಲ್ಲಿ ಯೆಜ್ಡಿ ಇಟ್ಟಿದ್ದವರದು. ಅದನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಆದರೆ ಅದರ ಬೈಕು ಇಟ್ಟುಕೊಂಡವರ ಬಾಯಿಗೆ ಬೀಗ ಬೀಳಲಿಲ್ಲ. ಒಂದೇ ಸಲಾಕೆಯಿಂದ ಕಿಕ್ಕೂ ಹೊಡೆದು ಗೇರೂ ಹಾಕಿದವರಿಗೆ ಟೂ ಸ್ಟ್ರೋಕ್ ವಿದ್ಯೆ ಜನ್ಮಸಿದ್ಧ. ಅವರೆಲ್ಲರ ಒಮ್ಮತದ ಸಲಹೆ, “ಬೋರ್ ಹೊಡೆಸಿ ಓವರ್ ಸೈಜ್ ಪಿಸ್ಟನ್ ಹಾಕು.” ಯೆಜ್ಡಿಗೆ ಅದು ಸರಿಯಾದ ಮದ್ದು, ಅದರ ಸಿಲಿಂಡರ್ ಎರಕದ ಕಬ್ಬಿಣದ್ದು. ಚೈನ್ ಸಾದ್ದು ಹಾಗಲ್ಲ. ಕೈಯಲ್ಲಿ ಎತ್ತಿ ಹಿಡಿಯುವ ಯಂತ್ರ ಹಗುರಾಗಿರಬೇಕೆಂದು ಸಿಲಿಂಡರನ್ನು ಅಲ್ಯೂಮಿನಿಯಮ್ಮಿನಲ್ಲಿ ಮಾಡಿ ಒಳಗೋಡೆಗೆ ಕ್ರೋಮಿನದೋ ನಿಕ್ಕಲ್ ಮಿಶ್ರಣದ್ದೋ ತೆಳುವಾದ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಬೋರ್ ಹೊಡೆಸಿದರೆ ಮೊದಲು ಹೋಗುವುದೇ ಆ ಲೇಪ.

ಟೂ ಸ್ಟ್ರೋಕ್ ಎಂಜಿನ್ ಎಂದರೆ ಬಡ ಸಂಸಾರದ ಶ್ರಾದ್ಧವಿದ್ದಂತೆ. ಮಂತ್ರ ಹೇಳುವವನೇ ಅಡುಗೆ ಮಾಡಿ, ಬಡಿಸಿ, ಎಲೆಯನ್ನೂ ಎತ್ತಬೇಕು. ಇಲ್ಲಿ ವಾಲ್ವುಗಳಿಲ್ಲ. ಒಳಬರುವ ಕಿಂಡಿ, ಮೇಲೇರಿಸುವ ಕಿಂಡಿ, ಹೊಗೆ ಕಿಂಡಿ, ಮೂರನ್ನೂ ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಅದು ಮೇಲೇರುವಾಗ ತಲೆಯ ಮೇಲೆ ಗಾಳಿ-ಪೆಟ್ರೋಲು ಒತ್ತಿಸಿಕೊಳ್ಳುತ್ತದೆ, ಕಾಲಡಿಯ ಕ್ರ್ಯಾಂಕ್ ಕೋಣೆಗೆ ಹೊಸದನ್ನು ಎಳೆದುಕೊಳ್ಳುತ್ತದೆ. ಇಳಿಯುವಾಗ ಹೊಗೆ ಹೊರಗೆ, ಹೊಸದು ಮೇಲಕ್ಕೆ. ನಿಮಿಷಕ್ಕೆ 12,000 ಸುತ್ತೆಂದರೆ ಸೆಕೆಂಡಿಗೆ 200 ಸಲ ಬೆಂಕಿ. ಎಣ್ಣೆಗೆ ಬೇರೆ ಕೋಣೆಯಿಲ್ಲ, ಪೆಟ್ರೋಲಿನ ಜೊತೆಗೇ ಬಂದು ಬೇರಿಂಗು ನೆನೆಸಿ ಸುಟ್ಟು ಹೋಗಬೇಕು. ಪೆಟ್ರೋಲು ಕಡಿಮೆ ಬಂದರೆ ಎಣ್ಣೆಯೂ ಕಡಿಮೆ ಬಂದಂತೆ.

ಸಿಲಿಂಡರ್ ಎತ್ತಿ ಪಿಸ್ಟನ್ ಕೈಗೆ ಬಂತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದಾಗ ದೊಡ್ಡಪ್ಪನ ತೀರ್ಪಿನ ಮೇಲೆ ಮೊದಲ ಅನುಮಾನ ಬಂತು. ಹೊಗೆ ಕಿಂಡಿಯ ಕಡೆಯ ಮೈ ಮೇಲಿನಿಂದ ಕೆಳಗಿನವರೆಗೆ ಗೀರಿ ಕಿತ್ತುಹೋಗಿತ್ತು, ರಿಂಗು ತನ್ನ ಕಚ್ಚಿನಲ್ಲೇ ಮೆತ್ತಿ ಕೂತಿತ್ತು. ಆಚೆಯ ಮೈಯಲ್ಲಿ ಕಾರ್ಖಾನೆಯ ಕಡೆತದ ಗೆರೆಗಳೂ ಮಾಸಿರಲಿಲ್ಲ. ಎಣ್ಣೆಯೇ ಇಲ್ಲದೆ ಓಡಿದ್ದರೆ ಗೀರು ಸುತ್ತಲೂ ಬೀಳಬೇಕು, ಕೆಳಗಿನ ಬೇರಿಂಗು ಒಣಗಿ ಬಣ್ಣಗೆಡಬೇಕು. ಇಲ್ಲಿ ಕನೆಕ್ಟಿಂಗ್ ರಾಡಿನ ಬುಡ ಇನ್ನೂ ಎಣ್ಣೆಯಲ್ಲಿ ಮಿರುಗುತ್ತಿತ್ತು. ಹೊಗೆಯ ಬದಿ ಮಾತ್ರ ಸುಟ್ಟಿದೆಯೆಂದರೆ ಎಂಜಿನ್ ಅತಿಯಾಗಿ ಕಾದಿದೆ; ಅಲ್ಲಿ ಬಿಸಿ ಹೆಚ್ಚು, ಆದ್ದರಿಂದ ಪಿಸ್ಟನ್ ಮೊದಲು ಉಬ್ಬುವುದೂ ಅಲ್ಲೇ. ಕಾಯುವುದೇಕೆ? ಪೆಟ್ರೋಲಿಗಿಂತ ಗಾಳಿ ಹೆಚ್ಚಾದದ್ದಕ್ಕೆ. ಗಾಳಿ ಎಲ್ಲಿಂದ?

ಇದಕ್ಕೆ ಉತ್ತರ ಕೊಟ್ಟದ್ದು ದೊಡ್ಡಪ್ಪನದೇ ಬಿ.ಪಿ. ನೋಡುವ ಯಂತ್ರ. ಸಿಲಿಂಡರನ್ನು ಮತ್ತೆ ಕೂರಿಸಿ, ಎರಡು ಕಿಂಡಿಗಳಿಗೂ ಸೈಕಲ್ ಟ್ಯೂಬಿನ ರಬ್ಬರ್ ಇಟ್ಟು ಬಿಗಿದು, ಬಿ.ಪಿ. ಯಂತ್ರದ ಬಲ್ಬು ಮತ್ತು ಮುಳ್ಳಿನ ಗಡಿಯಾರ ಜೋಡಿಸಿ ಗಾಳಿ ಒತ್ತಿದೆ. 300ರ ಗೆರೆಯೆಂದರೆ ಸುಮಾರು 0.4 ಬಾರ್ ಒತ್ತಡ. ಇಷ್ಟು ಸಣ್ಣ ಎಂಜಿನ್ನಿನ ತಪಾಸಣೆಗೆ ಅದು ಧಾರಾಳ. ಮುಳ್ಳು ನಿಲ್ಲದೆ ಇಳಿಯುತ್ತ ಬಂತು. ಸಾಬೂನು ನೀರು ಸವರಿದಾಗ ಫ್ಲೈವ್ಹೀಲಿನ ಹಿಂದೆ ಕ್ರ್ಯಾಂಕಿನ ಆಯಿಲ್ ಸೀಲಿನ ಸುತ್ತ ಗುಳ್ಳೆಗಳೆದ್ದವು. ರಬ್ಬರ್ ವಯಸ್ಸಾಗಿ ಗಟ್ಟಿಯಾಗಿತ್ತು. ಅಲ್ಲಿಂದ ಒಳನುಗ್ಗಿದ ಗಾಳಿ ಮಿಶ್ರಣವನ್ನು ತೆಳುವಾಗಿಸಿತ್ತು. ಹಾಗಾದಾಗ ಎಂಜಿನ್ ಮೊದಮೊದಲು ವಿಪರೀತ ಚುರುಕಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಕೂಗು ಇಳಿಯುವುದಿಲ್ಲ. ಬಿಟ್ರೂ ಕೂಗ್ತಿತ್ತು! ಕೊನೆಗೌಡ ಹೇಳಿದ್ದು ನೆಪವಾಗಿರಲಿಲ್ಲ, ರೋಗದ ಹೆಸರಾಗಿತ್ತು. ಆ ನಾಕು ದಿನದಲ್ಲಿ ದೊಡ್ಡಪ್ಪ ಮಾಡಿದ್ದು, “ನೋಡು, ಹಳೆಯದಾದರೂ ಎಷ್ಟು ಚುರುಕಿದೆ” ಎಂದು ನೆರೆಯವರಿಗೆ ತೋರಿಸಿದ್ದು.

ಸಾಕ್ಷ್ಯವನ್ನು ನ್ಯಾಯಪೀಠದ ಮುಂದಿಟ್ಟೆ. ದೊಡ್ಡಪ್ಪ ಕನ್ನಡಕ ಹಾಕಿ ಪಿಸ್ಟನ್ನನ್ನೂ ಗುಳ್ಳೆಗಳನ್ನೂ ಪರಿಶೀಲಿಸಿ, “ಹಾಗಾದ್ರೆ ಆ ಸೀಲ್ ಹಾಳು ಮಾಡಿದ್ದು ಯಾರು?” ಎಂದರು. ವಯಸ್ಸು ಎಂದೆ. ವಯಸ್ಸನ್ನು ಊಟಕ್ಕೆ ಕೂರಿಸಿ ಬಯ್ಯಲಾಗುವುದಿಲ್ಲವೆಂದು ಅವರಿಗೆ ಬೇಸರವಾಯಿತು. “ನನ್ನ ಬಿ.ಪಿ. ಮಿಷನ್ನಿಗೆ ಸಾಬೂನು ಹೋಗಿಲ್ಲ ತಾನೆ?” ಎಂದು ವಿಚಾರಣೆಯನ್ನು ಬೇರೆ ಕಡೆಗೆ ತಿರುಗಿಸಿದರು.

ಸಿಲಿಂಡರಿಗೆ ಜೀವ ಇತ್ತೋ ಇಲ್ಲವೋ ಎನ್ನುವುದು ಉಳಿದ ಪ್ರಶ್ನೆ. ಮೇಲ್ನೋಟಕ್ಕೆ ಗೀರು ಕಂಡದ್ದರಲ್ಲಿ ಹೆಚ್ಚಿನದು ಗೀರಲ್ಲ, ಪಿಸ್ಟನ್ನಿನ ಅಲ್ಯೂಮಿನಿಯಮ್ ಕರಗಿ ಗೋಡೆಗೆ ಮೆತ್ತಿಕೊಂಡದ್ದು. ಇದಕ್ಕೆ ಮದ್ದು ಬಚ್ಚಲುಮನೆಯಲ್ಲಿದೆ. ಪಾಯಿಖಾನೆ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಅಲ್ಯೂಮಿನಿಯಮ್ಮನ್ನು ನೊರೆಯೆಬ್ಬಿಸಿ ತಿನ್ನುತ್ತದೆ, ಒಳ್ಳೆಯ ಸ್ಥಿತಿಯಲ್ಲಿರುವ ನಿಕ್ಕಲ್ ಲೇಪಕ್ಕೆ ಅಷ್ಟು ಬೇಗ ಬಾಯಿ ಹಾಕುವುದಿಲ್ಲ. ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಅದ್ದಿ ಮೆತ್ತಿದ ಜಾಗಕ್ಕಷ್ಟೇ ಸವರಬೇಕು. ಕಿಂಡಿಗಳ ಅಂಚಿನಲ್ಲಿ ಲೇಪವಿಲ್ಲದ ಬರಿ ಅಲ್ಯೂಮಿನಿಯಮ್ ಇರುತ್ತದೆ, ಅಲ್ಲಿಗೆ ಹೋದರೆ ಸಿಲಿಂಡರನ್ನೇ ತಿಂದೀತು. ಕೆಲಸ ಅಂಗಳದಲ್ಲಿ, ಗಾಳಿಗೆ ಬೆನ್ನು ಹಾಕಿ, ಕೈಗವಸು ಕನ್ನಡಕ ಹಾಕಿಕೊಂಡು. ಕೊನೆಗೆ ಅಡುಗೆಸೋಡಾದ ನೀರಿನಲ್ಲಿ ತೊಳೆದು, ಸಣ್ಣ ಮರಳುಕಾಗದದಲ್ಲಿ ಅಡ್ಡಡ್ಡ ಉಜ್ಜಿದಾಗ ಅಡಿಯಲ್ಲಿ ಲೇಪ ಕಂಡಿತು. ಉಗುರಿಗೆ ತಾಗುವ ಗೀರಿರಲಿಲ್ಲ. ಬೋರ್ ಪಕ್ಷದವರು ಚಹಾ ಮುಗಿಸಿ ಮೌನವಾಗಿ ಎದ್ದರು.

ಪಿಸ್ಟನ್ನಿನ ಚೂರುಗಳು ಹೊಕ್ಕ ಬೇರಿಂಗನ್ನು ನಂಬುವಂತಿಲ್ಲ, ಕ್ರ್ಯಾಂಕ್ ಕೋಣೆಯನ್ನೂ ಇಬ್ಭಾಗ ಮಾಡಬೇಕಾಯಿತು. ಹೊಸ ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವವರಿದ್ದಾರೆ. ಅದು ಬೇರಿಂಗಿಗೂ ಪಾಪ, ಕೇಸಿಗೂ ಪಾಪ. ಲೋಹ ಕಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಬೇರಿಂಗುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಇಟ್ಟೆ. ಕೇಸನ್ನು ಚೆನ್ನಾಗಿ ತೊಳೆದು, ಪೆಟ್ರೋಲಿನ ವಾಸನೆ ಪೂರ್ತಿ ಹೋದ ಮೇಲೆ ದೋಸೆ ಕಾವಲಿಯ ಮೇಲಿಟ್ಟು ಸಣ್ಣ ಉರಿಯಲ್ಲಿ ಕಾಯಿಸಿದೆ. ನೀರು ಚಿಮುಕಿಸಿದಾಗ ಚುರ್ ಅಂದರೆ ಹದ. ತಣ್ಣನೆಯ ಬೇರಿಂಗು ತನ್ನ ಮನೆಯೊಳಗೆ ತಾನೇ ಜಾರಿ ಕೂತಿತು, ಹೆಬ್ಬೆರಳು ಒತ್ತಿದ್ದಷ್ಟೇ. ಈ ಚೆಂದವನ್ನು ನೋಡಲು ಮನೆಯವರನ್ನು ಕರೆದೆ. ಬಂದರು, ಅವರಿಗೆ ಕಂಡದ್ದು ಕಾವಲಿ ಮಾತ್ರ. ಈಗ ಮನೆಯಲ್ಲಿ ಎರಡು ಕಾವಲಿಗಳಿವೆ. ಒಂದರ ಹಿಡಿಕೆಗೆ ಕೆಂಪು ದಾರ ಕಟ್ಟಿದೆ.

ಸಾಮಾನು ತರಿಸುವಾಗ ಕಂಪನಿಯದೋ ಡೂಪ್ಲಿಕೇಟೋ ಎನ್ನುವ ಚರ್ಚೆ ಬಂದೇ ಬರುತ್ತದೆ. ಹಳೆ ಯಂತ್ರಕ್ಕೆ ಎಲ್ಲವನ್ನೂ ಕಂಪನಿಯದೇ ಹಾಕಿದರೆ ಮೆಕ್ಯಾನಿಕ್ ಹೇಳಿದ ಲೆಕ್ಕವೇ ಗೆಲ್ಲುತ್ತದೆ. ಪಿಸ್ಟನ್ನಿನಲ್ಲಿ ರಾಜಿ ಆಗಬಹುದು. ಸೀಲು, ಬೇರಿಂಗು, ಪಿನ್ನಿನ ಲಾಕುಗಳಲ್ಲಿ ಬೇಡ. ಒಂದು ಲಾಕು ಕಳಚಿದರೂ ಸೆಕೆಂಡಿಗೆ 200 ಸಲ ಸಿಲಿಂಡರಿಗೆ ಉಳಿ ಇಟ್ಟಂತೆಯೇ. ಪಿಸ್ಟನ್ನಿನ ತಲೆಯ ಮೇಲಿನ ಬಾಣ ಹೊಗೆ ಕಿಂಡಿಯ ಕಡೆಗಿರಬೇಕು. ಫ್ಲೈವ್ಹೀಲಿಗೂ ಇಗ್ನಿಷನ್ ಕಾಯಿಲಿಗೂ ನಡುವೆ ಸುಮಾರು 0.3 ಮಿಲಿಮೀಟರ್ ಸಂದು ಬೇಕು. ಮಧ್ಯೆ ವಿಸಿಟಿಂಗ್ ಕಾರ್ಡ್ ಇಟ್ಟು ಬೋಲ್ಟ್ ಬಿಗಿದು ಎಳೆದರೆ ಸರಿಯಾಗುತ್ತದೆ. ನನಗೆ ಸಿಕ್ಕ ಕಾರ್ಡು ಒಬ್ಬ ವಿಮಾ ಏಜೆಂಟರದು. ಅವರಿಂದ ನಮ್ಮ ಮನೆಗಾದ ಮೊದಲ ಲಾಭ ಅದು.

ಕಾರ್ಬ್ಯುರೇಟರ್ ಬಿಚ್ಚಿದರೆ ಒಳಗೆ ತೆಳ್ಳನೆಯ ಪೊರೆಯೊಂದಿರುತ್ತದೆ. ಬೈಕಿನದಕ್ಕಿರುವ ತೇಲುಬುರುಡೆ ಇಲ್ಲಿಲ್ಲ. ಗರಗಸವನ್ನು ಮಗುಚಿ ಹಿಡಿದರೂ ಪೆಟ್ರೋಲು ಬರುವುದು ಈ ಪೊರೆಯ ದೆಸೆಯಿಂದ. ಅದು ಮೆತ್ತಗಿದ್ದಷ್ಟು ದಿನ ಆಟ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಕುಡಿಯುತ್ತದೆ, ಹಳೆ ರಬ್ಬರಿಗೆ ಆಗಿಬರುವುದಿಲ್ಲ. ನಮ್ಮ ಮಳೆಗಾಲದಲ್ಲಿ ತೇವಕ್ಕೇನು ಬರ? ಕೆಲಸ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಒಳಗುಳಿದದ್ದು ತೀರುವವರೆಗೆ ಓಡಿಸಿ ಇಡುವುದೇ ಕ್ಷೇಮ.

ಕೊನೆಗೆ ಹಗ್ಗ ಎಳೆಯುವ ದಿನ ಬಂತು. ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ನೀಲಿ ಹೊಗೆ ಬಿಟ್ಟು ಹಿಡಿದುಕೊಂಡಿತು. ನಾಯಿ ತೋಟಕ್ಕಿಳಿಯಿತು. ಜೋರು ಓಟದ ಪೆಟ್ರೋಲು ಹೊಂದಿಸುವ ಎಚ್ ಸ್ಕ್ರೂವನ್ನು ಬೇಕೆಂದೇ ಸ್ವಲ್ಪ ಬಿಚ್ಚಿಟ್ಟಿದ್ದೆ. ಖಾಲಿ ಓಡುವಾಗ ದನಿ ಸ್ವಲ್ಪ ಒಡೆದಿರಬೇಕು, ಮರಕ್ಕೆ ಇಟ್ಟಾಗ ಶುದ್ಧವಾಗಬೇಕು. ಮುಖ್ಯವಾಗಿ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಕೂಗು ಇಳಿಯಿತು.

ಅಪ್ಪಿಕೋ ನಾಡಿನಲ್ಲಿ ಕೂತು ಗರಗಸಕ್ಕೆ ಮರುಜೀವ ಕೊಡುವುದು ಸರಿಯೇ ಎಂದು ಒಬ್ಬ ಸ್ನೇಹಿತ ಕೇಳಿದ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಡೆಯ ಜನ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡು ನಿಂತವರು. ಪ್ರಶ್ನೆ ನ್ಯಾಯವಾದದ್ದೇ. ಬಿದ್ದ ಮರಕ್ಕೆ, ಒಣಗಿದ ಕೊಂಬೆಗೆ ಮಾತ್ರ ಎಂಬ ಕರಾರಿನ ಮೇಲೆ ಅದು ನಮ್ಮಲ್ಲಿದೆ. ನಿಂತ ಮರಕ್ಕೆ ನಮ್ಮ ರಾಜ್ಯದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆಯಿದೆ, ಅನುಮತಿ ಕೊಡಲು ಅಧಿಕಾರಿಗಳಿದ್ದಾರೆ. ಗರಗಸಕ್ಕೆ ಇದ್ಯಾವುದೂ ಗೊತ್ತಿಲ್ಲ. ಅದನ್ನು ಹಿಡಿದವನಿಗೆ ಗೊತ್ತಿರಬೇಕು.

ಮುಂದಿನ ಕೊನೆಕೊಯ್ಲಿನಲ್ಲಿ ದೊಡ್ಡಪ್ಪ ಕೊನೆಗೌಡನಿಗೆ ತಾವೇ ಕೈಯಾರೆ ಪಾಯಸ ಬಡಿಸಿದರು. ನಮ್ಮ ಮನೆಯಲ್ಲಿ ಕ್ಷಮಾಪಣೆ ಪಾಯಸದ ರೂಪದಲ್ಲೇ ಬರುವುದು. ಅವನು ಎರಡನೆಯ ಸಲ ಕೇಳಿ ಹಾಕಿಸಿಕೊಂಡ.

ಹಳೆ ಚೈನ್ ಸಾ ಬಿಚ್ಚಲು ಹೊರಟವರಿಗೆ ಇಷ್ಟು ಹೇಳುತ್ತೇನೆ. ಹೊಸ ಪಿಸ್ಟನ್ ಹಾಕುವುದು ಒಂದು ಮಧ್ಯಾಹ್ನದ ಕೆಲಸ. ಹಳೆಯದು ಯಾಕೆ ಸತ್ತಿತು ಎಂದು ತಿಳಿಯದೆ ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಒಳ್ಳೆಯ ಟೂ ಸ್ಟ್ರೋಕ್ ಆಯಿಲನ್ನು 50ಕ್ಕೆ 1ರಂತೆ, ಅಂದರೆ ಲೀಟರಿಗೆ 20 ಮಿಲಿ, ಅಳೆದು ಹಾಕಿ. ನಿಮ್ಮ ಯಂತ್ರದ ಪುಸ್ತಕ ಬೇರೆ ಹೇಳಿದರೆ ಪುಸ್ತಕದ ಮಾತೇ ಮೇಲು. ಇದೆಲ್ಲಕ್ಕಿಂತ ಮೊದಲು, ಅದು ಕೆಟ್ಟಾಗ ಯಾರ ಕೈಯಲ್ಲಿತ್ತೋ ಅವನನ್ನು ಕರೆದು ಕೂರಿಸಿ ಕೇಳಿ. ಯಾಕೆ ಕೆಡಿಸಿದೆ ಎಂದಲ್ಲ. ಕೆಡುವ ಮೊದಲು ಅದು ಹೇಗೆ ಕೂಗುತ್ತಿತ್ತು ಎಂದು.